ಚೀಲದ ಮೇಲಿನ ಊರು

ಬರ್ಕ್ಲಿಯ ವೈನ್ ಸ್ಟ್ರೀಟ್ ಮತ್ತು ವಾಲ್‌ನಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿರುವ ಪೀಟ್ಸ್ ಕಾಫಿ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಕೈಯಲ್ಲೊಂದು ಕಪ್ ಹಿಡಿದು ಹೊರಡುತ್ತಾರೆ. ಸಕಲೇಶಪುರದ ಕಡೆಯಿಂದ ಬಂದಿದ್ದ ಬೆಳೆಗಾರರೊಬ್ಬರು ಮಾತ್ರ ಕಪ್‌ನ ಕಡೆ ಹೋಗದೆ ಬೀಜದ ಕಪಾಟಿನ ಮುಂದೆಯೇ ನಿಂತುಬಿಟ್ಟರು. ತಲೆಮಾರುಗಳಿಂದ ಕಾಫಿ ಬೆಳೆದ ಮನೆಯವರು ಅವರು. ಹಣ್ಣು ಕೊಯ್ಯಿಸಿ, ಪಲ್ಪರಿಗೆ ಹಾಕಿಸಿ, ತೊಳೆಸಿ, ಕಣದಲ್ಲಿ ಒಣಗಿಸಿ, ಪಾರ್ಚ್‌ಮೆಂಟ್ ಚೀಲಗಳನ್ನು ಲಾರಿಗೆ ಏರಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವವರೆಗಿನ ಕಾಫಿ ಅವರಿಗೆ ಚೆನ್ನಾಗಿ ಗೊತ್ತು. ಲಾರಿ ಹೋದ ಮೇಲಿನ ಕಾಫಿಯನ್ನು ನೋಡಬೇಕೆಂಬ ಆಸೆ ಮಾತ್ರ ಬಹಳ ಕಾಲದಿಂದ ಉಳಿದಿತ್ತು. ಮಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸವಾದಾಗ ಆ ಆಸೆಗೆ ಒಂದು ದಾರಿ ಸಿಕ್ಕಿತು.

ಕಪಾಟಿನಲ್ಲಿ ಸುಮಾತ್ರಾ ಇತ್ತು, ಕೊಲಂಬಿಯಾ ಇತ್ತು, ಗ್ವಾಟೆಮಾಲಾ ಇತ್ತು. ಅವುಗಳ ಪಕ್ಕದಲ್ಲಿ ಇಟಾಲಿಯನ್ ರೋಸ್ಟ್, ಫ್ರೆಂಚ್ ರೋಸ್ಟ್, ಹೌಸ್ ಬ್ಲೆಂಡ್. ಹುರಿದ ಬೀಜದ ಬಣ್ಣ ನಮ್ಮ ಕಡೆಯ ಹುರಿಗಿಂತ ಎಷ್ಟೋ ಕಪ್ಪು. ಮೇಲೆ ಎಣ್ಣೆಯ ಹೊಳಪು.

"ಅಪ್ಪ, ಕುಡಿಯೋಕೆ ಏನು ಹೇಳಲಿ?"

"ಇರಮ್ಮ, ಮೊದಲು ಬೀಜ ನೋಡೋಣ."

ಈ ಅಂಗಡಿ ಶುರುವಾದದ್ದು ಬೀಜ ನೋಡುವವರಿಗಾಗಿಯೇ. 1966ರ ಏಪ್ರಿಲ್ 1ರಂದು ಬಾಗಿಲು ತೆರೆದ ಆಲ್‌ಫ್ರೆಡ್ ಪೀಟ್ ನೆದರ್‌ಲೆಂಡ್ಸ್‌ನ ಆಲ್ಕ್‌ಮಾರ್ ಊರಿನವರು. ತಂದೆಯದು ಕಾಫಿ ಹುರಿಯುವ ವ್ಯಾಪಾರ. ಯುವಕನಾಗಿದ್ದಾಗ ಪೀಟ್ ಜಾವಾ, ಸುಮಾತ್ರಾಗಳಲ್ಲಿ ಚಹಾದ ಕೆಲಸ ಮಾಡಿದರು. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಾಗ, ಜಗತ್ತಿನ ಅತಿ ಶ್ರೀಮಂತ ದೇಶ ಅಷ್ಟು ಕಳಪೆ ಕಾಫಿ ಕುಡಿಯುತ್ತಿದೆಯಲ್ಲ ಎಂಬುದು ಅವರಿಗೆ ನಂಬಲಾಗದ ಸಂಗತಿಯಾಗಿ ಕಂಡಿತು. ಆಗ ಅಮೆರಿಕದ ಮನೆಗಳಿಗೆ ಕಾಫಿ ಹೋಗುತ್ತಿದ್ದದ್ದು ಪುಡಿಯಾಗಿ, ತಗಡಿನ ಡಬ್ಬಗಳಲ್ಲಿ. ಯಾವ ದೇಶದ್ದು, ಎಂದು ಹುರಿದದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಪೀಟ್ ಮಾಡಿದ್ದು ಸರಳವಾದ ಎರಡು ಕೆಲಸ: ಬೀಜವನ್ನು ಕಣ್ಣೆದುರಿಗೆ ಇಟ್ಟರು, ಅದು ಬಂದ ನಾಡಿನ ಹೆಸರನ್ನು ಅದರ ಮೇಲೆ ಬರೆದರು.

ಅಂಗಡಿಯ ಅತಿ ಹೆಸರುವಾಸಿ ಮಿಶ್ರಣಕ್ಕೆ ಮಾತ್ರ ನಾಡಿನ ಹೆಸರಿಲ್ಲ, ಗಿರಾಕಿಯ ಹೆಸರಿದೆ. ಕೀ ಡಿಕಾಸನ್ ಎಂಬ ನಿವೃತ್ತ ಸೈನಿಕರು ದಿನವೂ ಬಂದು ಬೇರೆ ಬೇರೆ ಬೀಜಗಳನ್ನು ಬೆರೆಸಿ ರುಚಿ ನೋಡುತ್ತಿದ್ದರು. 1969ರಲ್ಲಿ ಅವರು ಹೇಳಿದ ಒಂದು ಹದ ಪೀಟ್‌ಗೆ ಒಪ್ಪಿಗೆಯಾಯಿತು. ಡಿಕಾಸನ್ ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದವರು. ಪೀಟ್ ಅವರಿಗೆ ಚೀಲದ ಮೇಲೆ ಬಡ್ತಿ ಕೊಟ್ಟು 'ಮೇಜರ್ ಡಿಕಾಸನ್ಸ್ ಬ್ಲೆಂಡ್' ಎಂದು ಹೆಸರಿಟ್ಟರು. ಇಂದಿಗೂ ಅದು ಈ ಸರಣಿಯ ಅಂಗಡಿಗಳಲ್ಲಿ ಮುಂದಿನ ಸಾಲಿನಲ್ಲೇ ಇರುತ್ತದೆ. ಗಿರಾಕಿಯ ನಾಲಿಗೆಯನ್ನು ಅಷ್ಟು ಗೌರವಿಸಿದ ವ್ಯಾಪಾರಿ ಅಪರೂಪ.

ಬೆಳೆಗಾರರು ಕಾಲು ಕೇಜಿಯಷ್ಟು ಸುಮಾತ್ರಾ ಬೀಜ ಕೊಂಡರು. ಪುಡಿ ಮಾಡಲೇ ಎಂದು ಕೇಳಿದ ಹುಡುಗಿಗೆ ಬೇಡವೆಂದರು. ಹೊರಗಿನ ಬೆಂಚಿನ ಮೇಲೆ ಕೂತು ನಾಲ್ಕು ಬೀಜ ಅಂಗೈ ಮೇಲೆ ಹಾಕಿಕೊಂಡು, ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದರು. ತೋಟದವರು ಬೀಜ ನೋಡುವ ರೀತಿ ಅದು.

ಅವರ ಮುಂದಿನ ಊರು ಸಿಯಾಟಲ್. ವಿಮಾನದಲ್ಲಿ ಹೋಗಬಹುದಿತ್ತು. ಆದರೆ ಬರ್ಕ್ಲಿಯ ಪಕ್ಕದ ಎಮರಿವಿಲ್ ನಿಲ್ದಾಣದಿಂದ ರಾತ್ರಿ ಹೊರಡುವ ಕೋಸ್ಟ್ ಸ್ಟಾರ್‌ಲೈಟ್ ರೈಲು ಬೆಟ್ಟಗಾಡಿನಲ್ಲೇ ಸಾಗಿ ಮರುದಿನ ಸಂಜೆ ಸಿಯಾಟಲ್ ಸೇರುತ್ತದೆ ಎಂದು ಮಗಳು ಹೇಳಿದ ಮೇಲೆ ಬೇರೆ ಯೋಚನೆ ಮಾಡಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಮೌಂಟ್ ಶಾಸ್ತಾ. ಮೈತುಂಬ ಹಿಮ. ಆಮೇಲೆ ಕ್ಲಾಮತ್ ಸರೋವರದ ದಂಡೆ, ಕ್ಯಾಸ್ಕೇಡ್ ಪರ್ವತಗಳ ಸೂಚಿಪರ್ಣ ಕಾಡು, ಸುರಂಗಗಳು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವ ರೈಲನ್ನು ಬಲ್ಲವರಿಗೆ ಸುರಂಗದ ಕತ್ತಲು ಹೊಸದಲ್ಲ, ಅದರಿಂದ ಹೊರಬಂದಾಗ ಕಾಣುವ ಮರಗಳು ಮಾತ್ರ ಹೊಸವು. ನಮ್ಮಲ್ಲಿ ಕಾಫಿಗೆ ನೆರಳು ಕೊಡುವ ಹಲಸು, ಅತ್ತಿ, ಹಾಲುವಾಣ, ಸಿಲ್ವರ್ ಓಕ್ ಯಾವುದೂ ಇಲ್ಲ. ಈ ನೆಲದಲ್ಲಿ ಕಾಫಿ ಬೆಳೆಯುವುದೇ ಇಲ್ಲ.

ಆದರೂ ಕಾಫಿ ಈ ದಾರಿಯುದ್ದಕ್ಕೂ ನಡೆದಿದೆ. 1970ರ ಆಸುಪಾಸಿನಲ್ಲಿ ಸಿಯಾಟಲ್‌ನ ಮೂವರು ಗೆಳೆಯರಿಗೆ ಒಳ್ಳೆಯ ಕಾಫಿಯ ಹುಚ್ಚು ಹಿಡಿಯಿತು. ಜೆರ್ರಿ ಬಾಲ್ಡ್‌ವಿನ್ ಇಂಗ್ಲಿಷ್ ಮೇಷ್ಟ್ರು, ಜೆವ್ ಸೀಗಲ್ ಇತಿಹಾಸದ ಮೇಷ್ಟ್ರು, ಗಾರ್ಡನ್ ಬೌಕರ್ ಬರಹಗಾರ. ಬೌಕರ್ ಕಾಫಿ ಬೀಜಕ್ಕಾಗಿ ಗಡಿ ದಾಟಿ ಕೆನಡಾದ ವ್ಯಾಂಕೂವರ್‌ಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಅಂಗಡಿ ತೆರೆಯುವ ಮುನ್ನ ಈ ಗೆಳೆಯರು ಬರ್ಕ್ಲಿಗೆ ಹೋಗಿ ಪೀಟ್ ಅವರ ಶಿಷ್ಯರಾದರು. 1971ರಲ್ಲಿ ಸಿಯಾಟಲ್‌ನಲ್ಲಿ ಸ್ಟಾರ್‌ಬಕ್ಸ್ ಶುರುವಾದಾಗ ಅದರ ಡಬ್ಬಗಳಲ್ಲಿದ್ದ ಬೀಜ ಪೀಟ್ ಹುರಿದು ಕಳಿಸಿದ್ದು. ಸ್ವಂತ ಹುರಿಯುವ ಯಂತ್ರ ಬಂದದ್ದು ಆಮೇಲೆ.

ಕೈಯಲ್ಲಿದ್ದ ಸುಮಾತ್ರಾದ ಚೀಲ ಬೆಳೆಗಾರರನ್ನು ಇನ್ನೂ ಹಿಂದಕ್ಕೆ ಕರೆದೊಯ್ದಿತು. ಅವರ ಬ್ಯಾಗಿನಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರ ಒಂದು ಹಳೆಯ ಕೈಪಿಡಿ ಸದಾ ಇರುತ್ತದೆ. ಕಾಫಿ ತಳಿಗಳ ವಂಶಾವಳಿ ಅವರಿಗೆ ಬಾಯಿಪಾಠ. ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಬಾಬಾ ಬುಡನ್ ಅವರ ಕಥೆ ಐತಿಹ್ಯ. ಮುಂದಿನದು ದಾಖಲೆಯ ಮಾತು. 1696ರಲ್ಲಿ ಡಚ್ಚರು ಮಲಬಾರ್ ತೀರದಿಂದ ಕಾಫಿ ಸಸಿಗಳನ್ನು ಜಾವಾದ ಬಟೇವಿಯಾಕ್ಕೆ ಕಳಿಸಿದರು. ಅವು ಪ್ರವಾಹಕ್ಕೆ ಸಿಕ್ಕಿ ಹಾಳಾದವು. 1699ರಲ್ಲಿ ಮತ್ತೆ ಕಳಿಸಿದರು, ಈ ಸಲ ಹಿಡಿದುಕೊಂಡವು. ಜಾವಾದಿಂದ 1706ರಲ್ಲಿ ಗಿಡವೊಂದು ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನ ಸೇರಿತು. ಅದರ ಸಂತತಿಯಲ್ಲಿ ಒಂದು 1714ರಲ್ಲಿ ಫ್ರಾನ್ಸಿನ ದೊರೆಗೆ ಉಡುಗೊರೆಯಾಗಿ ಹೋಯಿತು. 1720ರ ದಶಕದಲ್ಲಿ ಆ ವಂಶ ಕೆರಿಬಿಯನ್‌ನ ಮಾರ್ಟಿನೀಕ್ ದ್ವೀಪಕ್ಕೆ ದಾಟಿತು. ಅಮೆರಿಕ ಖಂಡಗಳಲ್ಲಿ ಟಿಪಿಕಾ ಎಂಬ ತಳಿ ಹಬ್ಬಿದ್ದು ಹೀಗೆ. ಬೂರ್ಬನ್ ಎಂಬ ಇನ್ನೊಂದು ತಳಿ ಯೆಮೆನ್‌ನಿಂದ ರಿಯೂನಿಯನ್ ದ್ವೀಪದ ಮೂಲಕ ಬೇರೆ ದಾರಿಯಲ್ಲಿ ಬಂತು.

ಆ ಪಯಣ ಅಲ್ಲಿಗೇ ನಿಲ್ಲಲಿಲ್ಲ. 20ನೇ ಶತಮಾನದಲ್ಲಿ ಎಲೆತುಕ್ಕು ರೋಗಕ್ಕೆ ತಡೆ ಹುಡುಕುತ್ತಾ ಬಾಳೆಹೊನ್ನೂರಿನ ವಿಜ್ಞಾನಿಗಳು ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ ಎಸ್.795 ಎಂಬ ಅರೇಬಿಕಾ ತೆಗೆದರು. ನಮ್ಮ ಮಲೆನಾಡಿನ ತೋಟಗಳಲ್ಲಿ ಇಂದಿಗೂ ಅದು ಮನೆಯ ಮಗ. ಅದೇ ಎಸ್.795 ಇಂಡೋನೇಷ್ಯಾಕ್ಕೂ ಹೋಗಿ, ಜಾವಾದ ಜೆಂಬೆರ್ ಊರಿನ ಸಂಶೋಧನಾ ಕೇಂದ್ರದ ಮೂಲಕ ಹಂಚಿಕೆಯಾಗಿ, 'ಜೆಂಬೆರ್' ಎಂಬ ಹೆಸರಿನಲ್ಲೇ ರೈತರ ನಡುವೆ ಬೆಳೆಯಿತು. ಹಾಗಾದರೆ ಈ ಚೀಲದಲ್ಲಿರುವುದು ದೂರದ ಸುಮಾತ್ರಾವೋ, ಬಾಳೆಹೊನ್ನೂರಿನ ಮೊಮ್ಮಗನೋ? ಬರೀ ಬೀಜ ನೋಡಿ ಹೇಳಲಾಗದು. ಆದರೂ ಆ ಪ್ರಶ್ನೆಯನ್ನು ಕೇಳಬಹುದು ಎಂಬುದೇ ಬೆಳೆಗಾರರಿಗೆ ಇಡೀ ಹಗಲಿನ ಸಂತೋಷವಾಯಿತು.

ಸಿಯಾಟಲ್‌ನಲ್ಲಿ ಬೆಳಗಾಗುವುದನ್ನು ನೋಡಲು ಪೈಕ್ ಪ್ಲೇಸ್ ಮಾರುಕಟ್ಟೆಯಷ್ಟು ಒಳ್ಳೆಯ ಜಾಗವಿಲ್ಲ. 1907ರಲ್ಲಿ ರೈತರು ನೇರವಾಗಿ ಮಾರಲೆಂದು ಶುರುವಾದ ಸಂತೆ ಇದು. ಒಂದು ಕಾಲಕ್ಕೆ ಇದನ್ನು ಕೆಡವಿ ಹೊಸ ಕಟ್ಟಡಗಳನ್ನು ಎಬ್ಬಿಸುವ ಯೋಜನೆಯಿತ್ತು. ವಾಸ್ತುಶಿಲ್ಪಿ ವಿಕ್ಟರ್ ಸ್ಟೈನ್‌ಬ್ರೂಕ್ ಮುಂದಾಳಾಗಿ ನಿಂತು ಹೋರಾಡಿದರು. 1971ರಲ್ಲಿ ನಗರದ ಜನ ಮತ ಹಾಕಿ ಮಾರುಕಟ್ಟೆಯನ್ನು ಉಳಿಸಿಕೊಂಡರು. ಸ್ಟಾರ್‌ಬಕ್ಸ್ ಶುರುವಾದದ್ದೂ ಅದೇ ವರ್ಷ. ಒಂದು ಕಡೆ ಮೀನನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಮೀನು ವ್ಯಾಪಾರಿಗಳ ಕೂಗು, ಇನ್ನೊಂದು ಕಡೆ ಹೂವಿನ ಕಟ್ಟುಗಳು, ಕೆಳಗೆ ಎಲಿಯಟ್ ಕೊಲ್ಲಿಯಲ್ಲಿ ಹಡಗುಗಳು. 1912 ಪೈಕ್ ಪ್ಲೇಸ್ ಎಂಬ ವಿಳಾಸದ ಎದುರು ಮಾತ್ರ ಉದ್ದನೆಯ ಸಾಲು.

'ಮೊದಲ ಸ್ಟಾರ್‌ಬಕ್ಸ್' ಎಂದು ಜಗತ್ತು ಫೋಟೊ ತೆಗೆಸಿಕೊಳ್ಳುವ ಈ ಅಂಗಡಿ, ಲೆಕ್ಕ ಹಿಡಿದರೆ, ಮೊದಲನೆಯದಲ್ಲ. ಮೊದಲಿನದು ವೆಸ್ಟರ್ನ್ ಅವೆನ್ಯೂದಲ್ಲಿತ್ತು. ಆ ಕಟ್ಟಡ ಹೋದ ಮೇಲೆ 1976ರಲ್ಲಿ ಇಲ್ಲಿಗೆ ಬಂದರು. ಒಳಗೆ ಕೂರಲು ಕುರ್ಚಿಯಿಲ್ಲ. ಕಿಟಕಿಯ ಮೇಲೆ ಹಳೆಯ ಕಂದು ಬಣ್ಣದ ಲಾಂಛನ, ಎರಡು ಬಾಲದ ಮತ್ಸ್ಯಕನ್ಯೆ. ಆ ಕಾಲದಲ್ಲಿ ಇಲ್ಲಿ ಕಾಫಿ ಕುಡಿಯಲು ಸಿಗುತ್ತಿರಲಿಲ್ಲ ಎಂದರೆ ಸಾಲಿನಲ್ಲಿ ನಿಂತ ಎಳೆಯರು ನಂಬಲಾರರು. ಮಾರುತ್ತಿದ್ದದ್ದು ಹುರಿದ ಬೀಜ, ಚಹಾ, ಮಸಾಲೆ, ಕಾಫಿ ಮಾಡುವ ಸಾಮಾನು. ರುಚಿಗೆಂದು ಒಂದಿಷ್ಟು ಕಾಫಿ ಮಾಡಿ ಕೊಡುತ್ತಿದ್ದರು, ಅಷ್ಟೆ. ಬಂದವರು ಡಬ್ಬದಿಂದ ಬೀಜ ತೂಗಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಬದಲಾದದ್ದು 1980ರ ದಶಕದಲ್ಲಿ. 1982ರಲ್ಲಿ ಕೆಲಸಕ್ಕೆ ಸೇರಿದ ಹವರ್ಡ್ ಶುಲ್ಟ್ಸ್ ಮರುವರ್ಷ ಇಟಲಿಯ ಮಿಲಾನ್‌ಗೆ ಹೋಗಿ ಅಲ್ಲಿನ ಎಸ್ಪ್ರೆಸೊ ಬಾರ್‌ಗಳನ್ನು ಕಂಡು ಬೆರಗಾದರು. ಇಲ್ಲೂ ಕಪ್‌ನಲ್ಲಿ ಕೊಡೋಣ ಎಂದರು. ಬಾಲ್ಡ್‌ವಿನ್‌ಗೆ ಮನಸ್ಸಿರಲಿಲ್ಲ. ತಮ್ಮದು ಬೀಜ ಹುರಿದು ಮಾರುವ ಕಸುಬು ಎಂಬುದು ಅವರ ನಿಲುವು. ಶುಲ್ಟ್ಸ್ ಹೊರಗೆ ಹೋಗಿ ಬೇರೆ ಅಂಗಡಿ ತೆರೆದರು. 1984ರಲ್ಲಿ ಬಾಲ್ಡ್‌ವಿನ್ ಮತ್ತು ಜೊತೆಗಾರರು ತಮ್ಮ ಗುರುವಿನ ಪೀಟ್ಸ್ ಅಂಗಡಿಗಳನ್ನೇ ಕೊಂಡರು. 1987ರಲ್ಲಿ ಸ್ಟಾರ್‌ಬಕ್ಸನ್ನು ಶುಲ್ಟ್ಸ್‌ಗೆ ಮಾರಿದರು. ತಾವು ಕಟ್ಟಿದ ಅಂಗಡಿಯನ್ನು ಬಿಟ್ಟು, ತಮಗೆ ಬೀಜ ತೋರಿಸಿಕೊಟ್ಟ ಅಂಗಡಿಯನ್ನು ಇಟ್ಟುಕೊಂಡ ಬಾಲ್ಡ್‌ವಿನ್ ಅವರ ಈ ಆಯ್ಕೆ ಕಾಫಿಯ ಚರಿತ್ರೆಯಲ್ಲಿ ಅತ್ಯಂತ ಹೃದ್ಯವಾದದ್ದು.

ಸಾಲು ಕರಗಿ ಒಳಗೆ ಬಂದರೆ ಬೀಜದ ಕಪಾಟು. ಹೆಚ್ಚಿನವರ ಕೈ ಮಗ್‌ಗಳ ಕಡೆ ಹೋಗುತ್ತದೆ, ಹಾಗಾಗಿ ಇಲ್ಲಿ ನಿಧಾನವಾಗಿ ನಿಲ್ಲಬಹುದು. ಈ ಸರಣಿ ತನ್ನ ಬೀಜಗಳನ್ನು ಹುರಿಯ ಹದದ ಪ್ರಕಾರ ಮೂರು ಗುಂಪು ಮಾಡಿದೆ. ತಿಳಿ ಹುರಿಗೆ 'ಬ್ಲಾಂಡ್' ಎಂದು ಹೆಸರು, ಅದರಲ್ಲಿ ವೆರಾಂಡಾ ಬ್ಲೆಂಡ್ ಬರುತ್ತದೆ. ನಡುಹುರಿಯಲ್ಲಿ ಪೈಕ್ ಪ್ಲೇಸ್ ರೋಸ್ಟ್, ಹೌಸ್ ಬ್ಲೆಂಡ್, ಬ್ರೇಕ್‌ಫಾಸ್ಟ್ ಬ್ಲೆಂಡ್. ಕಡುಹುರಿಯಲ್ಲಿ ಸುಮಾತ್ರಾ, ಕೆಫೆ ವೆರೋನಾ, ಇಟಾಲಿಯನ್, ಫ್ರೆಂಚ್. ಬೆಳೆಗಾರರು ಒಂದೊಂದೇ ಹೆಸರನ್ನು ಓದುತ್ತಾ ಹೋಗಿ ತಟಕ್ಕನೆ ನಿಂತರು.

"ವೆರೋನಾ ಇಟಲಿಯ ಊರು. ಪೈಕ್ ಪ್ಲೇಸ್ ಅಂದರೆ ನಾವು ನಿಂತಿರುವ ಸಂತೆ. ಇಲ್ಲೆಲ್ಲ ಕಾಫಿ ಬೆಳೆಯುತ್ತದೇನಮ್ಮ?"

ಕಪಾಟಿನಲ್ಲಿದ್ದದ್ದು ಎರಡು ಬಗೆಯ ಊರುಗಳು: ಕಾಫಿ ಹುಟ್ಟಿದ ಊರು, ಕಾಫಿ ಕುಡಿಯುವ ಊರು. ಮಿಶ್ರಣಗಳಿಗೆ ಸಿಕ್ಕಿದ್ದು ಕುಡಿಯುವವರ ಹೆಸರು. 1975ರ ವೇಳೆಗೆ ಸಿಯಾಟಲ್‌ನ ಒಂದು ಹೋಟೆಲಿಗೆಂದು ಕೂಡಿಸಿದ ಮಿಶ್ರಣವೇ ವೆರೋನಾ ಆಯಿತು. ಪೈಕ್ ಪ್ಲೇಸ್ ರೋಸ್ಟ್ ಬಂದದ್ದು 2008ರ ಏಪ್ರಿಲ್‌ನಲ್ಲಿ, ದಿನವೂ ಎಲ್ಲ ಅಂಗಡಿಗಳಲ್ಲೂ ಒಂದೇ ರುಚಿ ಸಿಗಲಿ ಎಂಬ ಉದ್ದೇಶದಿಂದ. ಮಿಶ್ರಣ ಕೀಳು ಎಂದು ಯಾರೂ ಹೇಳಲಾಗದು. ಒಂದು ನಾಡಿನ ಬೀಜದ ಮೈಗೆ ಇನ್ನೊಂದು ನಾಡಿನ ಬೀಜದ ಹುಳಿಯನ್ನು ಹೊಂದಿಸುವುದು ಪಳಗಿದ ನಾಲಿಗೆಯ ಕೆಲಸ. ನಮ್ಮ ಬೆಂಗಳೂರಿನ ಪುಡಿ ಅಂಗಡಿಗಳಲ್ಲಿ ಪೀಬರಿಗೆ ಪ್ಲಾಂಟೇಶನ್ ಎ ಕೂಡಿಸಿ, ಮೇಲೆ ಇಷ್ಟು ಚಿಕೋರಿ ಎಂದು ಹದ ಹೇಳುವವರಿಗೆ ಅದರ ಬೆಲೆ ಗೊತ್ತು. ಆದರೆ ಮಿಶ್ರಣದ ಒಳಗೆ ಬೆಳೆದವರ ಊರು ಕಾಣೆಯಾಗುತ್ತದೆ. ಹುರಿ ಕಡುವಾದಷ್ಟೂ ಇನ್ನೂ ಕಾಣೆಯಾಗುತ್ತದೆ. ಸುಮಾರು 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಜ ಮೊದಲ ಸಲ ಚಿಟಿಲ್ ಎನ್ನುತ್ತದೆ. 224ರ ಆಸುಪಾಸಿನಲ್ಲಿ ಎರಡನೆಯ ಸಲ. ಆ ಎರಡನೆಯ ಸದ್ದು ದಾಟಿದ ಮೇಲೆ ಎಣ್ಣೆ ಹೊರಬರುತ್ತದೆ, ಹುಳಿ ಇಳಿಯುತ್ತದೆ, ಹೂವಿನಂಥ ಸೂಕ್ಷ್ಮ ವಾಸನೆಗಳು ಸುಟ್ಟುಹೋಗಿ ಹುರಿಯ ರುಚಿಯೇ ಮೇಲಾಗುತ್ತದೆ. ಫ್ರೆಂಚ್ ರೋಸ್ಟ್ ಎಂಬ ಚೀಲದಲ್ಲಿ ನಾಲಿಗೆಗೆ ಸಿಗುವುದು ಬಾಣಲೆಯ ಕೌಶಲ, ಬೆಟ್ಟದ ಗುಣವಲ್ಲ.

ಸುಮಾತ್ರಾ ಈ ಮಾತಿಗೆ ಅಪವಾದ. ಕಡುವಾಗಿ ಹುರಿದರೂ ಅದರ ಮಣ್ಣಿನ, ಸೊಪ್ಪಿನ ವಾಸನೆ ಉಳಿಯುತ್ತದೆ. ಕಾರಣ ಕಣದಲ್ಲಿದೆ. ನಮ್ಮಲ್ಲಿ ಪಾರ್ಚ್‌ಮೆಂಟನ್ನು ಹತ್ತು ಹನ್ನೊಂದು ಶೇಕಡ ತೇವಾಂಶಕ್ಕೆ ಒಣಗಿಸುವವರೆಗೆ ಸಿಪ್ಪೆ ಬಿಡಿಸುವುದಿಲ್ಲ. ಸುಮಾತ್ರಾದವರು ಬೀಜದಲ್ಲಿ ಇನ್ನೂ 30 ಶೇಕಡ ನೀರಿರುವಾಗಲೇ ಸಿಪ್ಪೆ ತೆಗೆದು, ಬರಿಮೈ ಬೀಜವನ್ನು ಒಣಗಿಸುತ್ತಾರೆ. ಮಳೆ ಬಿಡುವು ಕೊಡದ ದ್ವೀಪದಲ್ಲಿ ಬೇಗ ಮಾರಿ ಕೈಗೆ ಹಣ ಕಾಣಬೇಕಾದವರು ಕಂಡುಕೊಂಡ ದಾರಿ ಅದು. ಅವರು ಇದನ್ನು 'ಗಿಲಿಂಗ್ ಬಸಾ' ಎನ್ನುತ್ತಾರೆ. ಮಗಳು ಫೋನಿನಲ್ಲಿ ಓದಿ ಹೇಳಿದ್ದನ್ನು ಕೇಳಿ ಬೆಳೆಗಾರರು ಬಹಳ ಹೊತ್ತು ಮಾತಾಡಲಿಲ್ಲ. ಕುಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ಕಣದ ಮೇಲೆ ಟಾರ್ಪಾಲು ಎಳೆದು ರಾತ್ರಿಯಿಡೀ ಕಾದವರಿಗೆ ಆ ದೂರದ ರೈತರ ಅವಸರ ಅರ್ಥವಾಗದೆ ಇರುತ್ತದೆಯೇ?

ಹೆಸರು ಹಣದ ಸಂಗತಿಯೂ ಹೌದು. ಇದನ್ನು ಜಗತ್ತಿಗೆ ಅರ್ಥ ಮಾಡಿಸಿದ್ದು ಇಥಿಯೋಪಿಯಾ. 2005ರಲ್ಲಿ ಅದು ಸಿಡಾಮೊ, ಹರಾರ್, ಯಿರ್ಗಚೆಫೆ ಎಂಬ ತನ್ನ ಕಾಫಿನಾಡುಗಳ ಹೆಸರಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿತು. ಹೆಸರು ತಮ್ಮ ಹಿಡಿತದಲ್ಲಿದ್ದರೆ ಅದರ ಬೆಲೆಯಲ್ಲಿ ಒಂದು ಪಾಲು ರೈತರಿಗೆ ಹೋಗುತ್ತದೆ ಎಂಬುದು ಅದರ ವಾದ. ಸ್ಟಾರ್‌ಬಕ್ಸ್‌ನೊಂದಿಗೆ ದೊಡ್ಡ ಜಗ್ಗಾಟವೇ ನಡೆಯಿತು, ಆಕ್ಸ್‌ಫಾಮ್ ಸಂಸ್ಥೆ ಇಥಿಯೋಪಿಯಾದ ಪರ ನಿಂತಿತು. 2007ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಹುರಿದ ಬೀಜದ ಒಂದು ಪುಟ್ಟ ಚೀಲದ ಮೇಲೆ ಯಾರ ಊರಿನ ಹೆಸರು ಯಾರ ಅನುಮತಿಯಿಂದ ಬರಬೇಕು ಎಂಬುದಕ್ಕೆ ಒಂದು ದೇಶವೇ ಹೋರಾಡಿತು. ಹಾಗೆ ಹೋರಾಡಿದ್ದು ಸರಿಯಾಗಿಯೇ ಇತ್ತು.

ಅದೇ ವರ್ಷದ ಫೆಬ್ರವರಿಯಲ್ಲಿ ಶುಲ್ಟ್ಸ್ ತಮ್ಮ ಕಂಪನಿಯ ಹಿರಿಯರಿಗೆ ಬರೆದ ಪತ್ರವೊಂದು ಹೊರಗೆ ಬಿದ್ದು ಸುದ್ದಿಯಾಯಿತು. ಬೆಳೆಯುವ ಓಟದಲ್ಲಿ ಅಂಗಡಿಗಳು ಕಳೆದುಕೊಂಡದ್ದನ್ನು ಅವರು ಅದರಲ್ಲಿ ನೋವಿನಿಂದ ಪಟ್ಟಿ ಮಾಡಿದ್ದರು. ಗಾಳಿಯಾಡದ ಚೀಲಗಳಿಂದ ಕಾಫಿ ತಾಜಾ ಉಳಿಯಿತು, ಆದರೆ ಅಂಗಡಿಯಿಂದ ಪರಿಮಳ ಹೋಯಿತು ಎಂಬುದು ಅದರಲ್ಲಿ ಮುಖ್ಯ. ಹಿಂದೆ ಡಬ್ಬದಿಂದ ಬೀಜ ಎತ್ತಿ, ಗಿರಾಕಿಯ ಕಣ್ಣೆದುರಿಗೆ ಪುಡಿ ಮಾಡುತ್ತಿದ್ದರು. ಈಗ ಎಲ್ಲವೂ ಮುಚ್ಚಿದ ಚೀಲದಲ್ಲಿ ಬರುತ್ತದೆ. ಚೀಲದ ಮುಂಭಾಗದಲ್ಲಿರುವ ಚಿಕ್ಕ ಬಿಲ್ಲೆಯನ್ನು ಎಲ್ಲರೂ ನೋಡಿರುತ್ತಾರೆ. ಹುರಿದ ಬೀಜ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಅದು ಹೊರಗೆ ಹೋಗಲು, ಹೊರಗಿನ ಗಾಳಿ ಒಳಗೆ ಬಾರದಿರಲು ಇರುವ ಒಮ್ಮುಖ ಕವಾಟ ಅದು. ಈ ಕವಾಟವಿಲ್ಲದಿದ್ದರೆ ಸಿಯಾಟಲ್‌ನಲ್ಲಿ ಹುರಿದ ಬೀಜ ಸಾವಿರಾರು ಮೈಲಿ ದೂರದ ಅಂಗಡಿಗಳಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಪತ್ರದ ಮರುವರ್ಷ ಶುಲ್ಟ್ಸ್ ಮತ್ತೆ ಚುಕ್ಕಾಣಿ ಹಿಡಿದಾಗ ಅಂಗಡಿಯಲ್ಲೇ ಬೀಜ ಪುಡಿ ಮಾಡುವ ಪದ್ಧತಿ ಹಿಂತಿರುಗಿತು.

ಮಾರುಕಟ್ಟೆಯಿಂದ ಪೈಕ್ ಸ್ಟ್ರೀಟ್‌ನಲ್ಲಿ ಏರು ಹತ್ತುತ್ತಾ ಹೋದರೆ, ಹೆದ್ದಾರಿಯ ಮೇಲ್ಸೇತುವೆ ದಾಟಿದ ಮೇಲೆ ಕ್ಯಾಪಿಟಲ್ ಹಿಲ್. 1920ರ ಕಾಲದ ಪ್ಯಾಕರ್ಡ್ ಕಾರುಗಳ ಮಳಿಗೆಯಲ್ಲಿ 2014ರ ಡಿಸೆಂಬರ್‌ನಲ್ಲಿ ಸ್ಟಾರ್‌ಬಕ್ಸ್ ತನ್ನ ರಿಸರ್ವ್ ರೋಸ್ಟರಿ ತೆರೆಯಿತು, 2025ರಲ್ಲಿ ಅದನ್ನು ಮುಚ್ಚಿತು. 15,000 ಚದರಡಿಯ ಜಾಗ. ಹಸಿ ಬೀಜದ ಗೋಣಿಚೀಲ ಬಿಚ್ಚುವುದರಿಂದ ಹಿಡಿದು ಹುರಿದ ಬೀಜ ತಣಿಯುವವರೆಗೆ ಎಲ್ಲವೂ ಎದುರಿಗೇ ನಡೆಯುತ್ತಿತ್ತು. ತಲೆಯ ಮೇಲಿನ ತಾಮ್ರದ ಕೊಳವೆಗಳಲ್ಲಿ ಬೀಜ ಸರಸರ ಸದ್ದು ಮಾಡುತ್ತಾ ಓಡುತ್ತಿತ್ತು. ಹಳೆಯ ರೈಲು ನಿಲ್ದಾಣಗಳಲ್ಲಿ ಇದ್ದಂಥ, ಅಕ್ಷರದ ಪಟ್ಟಿಗಳು ಪಟಪಟ ತಿರುಗುವ ಫಲಕದಲ್ಲಿ ಆ ಹೊತ್ತಿಗೆ ಯಾವ ಕಾಫಿ ಹುರಿಯಾಗುತ್ತಿದೆ ಎಂಬುದು ಕಾಣುತ್ತಿತ್ತು. ಬೇಕಾದ ಬೀಜವನ್ನು ಬೇಕಾದಷ್ಟು ತೂಗಿಸಿಕೊಳ್ಳುವ ಕಟ್ಟೆಯೂ ಇತ್ತು. 1971ರ ಅಂಗಡಿಯಲ್ಲಿ ಇದ್ದದ್ದನ್ನು ಕೆಲವೇ ಬೀದಿಗಳ ಆಚೆ, ದೊಡ್ಡ ಖರ್ಚಿನಲ್ಲಿ, ಮತ್ತೆ ಕಟ್ಟಿದ್ದರು.

ಅಲ್ಲಿನ ಚೀಲಗಳ ಮೇಲೆ ದೇಶದ ಹೆಸರಷ್ಟೇ ಇರುತ್ತಿರಲಿಲ್ಲ. ಜಿಲ್ಲೆ, ತೋಟ, ಸಂಸ್ಕರಣೆಯ ರೀತಿ ಎಲ್ಲ ಇರುತ್ತಿದ್ದವು. ಚಿಕ್ಕ ಚಿಕ್ಕ ಲಾಟ್‌ಗಳಾದ್ದರಿಂದ ಪಟ್ಟಿ ಬದಲಾಗುತ್ತಲೇ ಇತ್ತು. 2016ರಲ್ಲಿ ಆ ಪಟ್ಟಿಗೆ ಕೊಡಗಿನ ಹೆಸರೊಂದು ಬಂತು: ಟಾಟಾ ನಲ್ಲೂರು ಎಸ್ಟೇಟ್ಸ್. ಭಾರತದ ಒಂದೇ ಮೂಲದ ಕಾಫಿ ಸ್ಟಾರ್‌ಬಕ್ಸ್ ಮೂಲಕ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು ಅದೇ ಮೊದಲು. ಡಚ್ಚರ ಹಡಗು ಮಲಬಾರಿನಿಂದ ಸಸಿ ಹೊತ್ತು ಮುನ್ನೂರು ವರ್ಷ ದಾಟಿದ ಮೇಲೆ!

ಬೆಳೆಗಾರರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. ಈ ಸರಣಿ ತಾನು ಅರೇಬಿಕಾ ಮಾತ್ರ ಕೊಳ್ಳುವುದಾಗಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಭಾರತ ಬೆಳೆಯುವ ಕಾಫಿಯಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ರೋಬಸ್ಟಾ. ಅದರಲ್ಲಿ ಬಹುಪಾಲು ಕರ್ನಾಟಕದ್ದೇ, ಕೊಡಗಿನದು ದೊಡ್ಡ ಪಾಲು. ಅಂದರೆ ನಮ್ಮ ಮಣ್ಣಿನ ಹೆಚ್ಚಿನ ಕಾಫಿ ಈ ಕಪಾಟನ್ನು ಹತ್ತುವ ಹಾಗೇ ಇಲ್ಲ. ಅದರಲ್ಲಿ ದೊಡ್ಡ ಪಾಲು ಹೋಗುವುದು ಇಟಲಿಗೆ, ಭಾರತದ ಕಾಫಿಯ ಅತಿ ದೊಡ್ಡ ಗಿರಾಕಿ ಅದೇ. ತೊಳೆದು ಹದಮಾಡಿದ ನಮ್ಮ ರೋಬಸ್ಟಾ ಎಸ್ಪ್ರೆಸೊಗೆ ಮೈಯನ್ನೂ ಮೇಲಿನ ದಪ್ಪ ನೊರೆಯನ್ನೂ ಕೊಡುತ್ತದೆ. ಶುಲ್ಟ್ಸ್ ಬೆರಗಾದ ಆ ದೇಶದ ಕಪ್‌ಗಳಲ್ಲಿ ಸಿದ್ದಾಪುರದ, ಸುಂಟಿಕೊಪ್ಪದ ಕಾಫಿ ಹೆಸರಿಲ್ಲದೆ ಕೂತಿರುತ್ತದೆ. ಮಲೆನಾಡಿನ ಕಾಫಿಗೆ ಜಗತ್ತಿನಲ್ಲಿ ಬೇಡಿಕೆ ಇಲ್ಲ ಎನ್ನುವವರು ಇದನ್ನು ತಿಳಿಯಬೇಕು. ಬೇಡಿಕೆ ಇದೆ, ಹೆಸರು ಇಲ್ಲ.

ಊರಿಗೆ ಹಿಂತಿರುಗುವ ದಾರಿಯಲ್ಲಿ ಅವರು ಬೆಂಗಳೂರಿನಲ್ಲಿ ತಂಗಿದರು. ಕೋರಮಂಗಲದಲ್ಲಿ ಟಾಟಾ ಸ್ಟಾರ್‌ಬಕ್ಸ್‌ನ ಅಂಗಡಿ ತೆರೆದದ್ದು 2013ರ ನವೆಂಬರ್‌ನಲ್ಲಿ. ಆ ಸಂದರ್ಭಕ್ಕೆಂದೇ ಇಂಡಿಯಾ ಎಸ್ಟೇಟ್ಸ್ ಬ್ಲೆಂಡ್ ಎಂಬ ಮಿಶ್ರಣ ಬಂತು. ಬೀಜ ಟಾಟಾ ತೋಟಗಳದ್ದು, ಹುರಿಯುವುದು ಕುಶಾಲನಗರದಲ್ಲಿ. ನಮ್ಮ ಕಾಫಿ ನಮ್ಮಲ್ಲೇ ಹುರಿಯಾಗಿ ಇಡೀ ಬೀಜವಾಗಿ ನಗರದ ಕಪಾಟಿಗೆ ಬರುವುದು ಸಣ್ಣ ಸಂಗತಿಯಲ್ಲ. ಪುಡಿಯನ್ನೇ ಕೊಳ್ಳುವ ನಮ್ಮ ಮನೆಗಳಲ್ಲಿ ಬೀಜ ಕೊಂಡು ಹೊತ್ತಿಗೆ ತಕ್ಕಷ್ಟು ಪುಡಿ ಮಾಡಿಕೊಳ್ಳುವವರು ಈಗೀಗ ಹೆಚ್ಚುತ್ತಿದ್ದಾರೆ. ಸಣ್ಣ ಸಣ್ಣ ಹುರಿಮನೆಗಳೂ ತೋಟದ ಹೆಸರನ್ನು ಚೀಲದ ಮೇಲೆ ಹಾಕಲು ಶುರುಮಾಡಿವೆ.

ಸರ್ಕಾರದ ಕಡೆಯಿಂದಲೂ ಒಂದು ಹೆಜ್ಜೆ ಆಗಿದೆ. ಮಂಗಳೂರಿನ ಕಡಲತೀರದ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೀಜ ಹರಡಿ, ಅದು ಉಬ್ಬಿ ಹೊಂಬಣ್ಣಕ್ಕೆ ತಿರುಗಿದ ಮೇಲೆ ಮಾರುವ ಮಾನ್ಸೂನ್ಡ್ ಮಲಬಾರ್‌ಗೆ ಭೌಗೋಳಿಕ ಗುರುತು ಮೊದಲೇ ಸಿಕ್ಕಿತ್ತು. 2019ರಲ್ಲಿ ಇನ್ನೂ ಐದಕ್ಕೆ ಸಿಕ್ಕಿತು: ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡ್ ರೋಬಸ್ಟಾ, ಅರಕು ಕಣಿವೆ ಅರೇಬಿಕಾ. ಸಕಲೇಶಪುರದ ಸುತ್ತಿನ ಕಾಫಿಯನ್ನು ಕಾಫಿ ಮಂಡಳಿ ತನ್ನ ನಕ್ಷೆಯಲ್ಲಿ, ಟಿಪ್ಪುವಿನ ನಕ್ಷತ್ರಾಕಾರದ ಕೋಟೆಯಿರುವ ಮಂಜರಾಬಾದ್‌ನ ಹೆಸರಿನಲ್ಲಿ ಪ್ರತ್ಯೇಕ ಪ್ರದೇಶವೆಂದೇ ಗುರುತಿಸಿದೆ. ಆ ಐದರ ಪಟ್ಟಿಯಲ್ಲಿ ಮಾತ್ರ ಮಂಜರಾಬಾದ್ ಇಲ್ಲ.

ಮುಂದಿನ ಕುಯ್ಲಿಗೆ ಬೆಳೆಗಾರರು ಮೇಸ್ತ್ರಿಯನ್ನು ಕರೆದು ಮೇಲಿನ ದಿಣ್ಣೆಯ ಎಸ್.795 ಹಣ್ಣನ್ನು ಕೆಳಗಿನ ಪಟ್ಟಿಯ ಹಣ್ಣಿನೊಂದಿಗೆ ಬೆರೆಸಬಾರದು ಎಂದು ಹೇಳಿದರು. ಪೂರ್ತಿ ಹಣ್ಣಾದದ್ದನ್ನು ಮಾತ್ರ ಆರಿಸಿ, ಬೇರೆ ತೊಳೆದು, ಕಣದ ಒಂದು ಮೂಲೆಯಲ್ಲಿ ಬೇರೆಯೇ ಒಣಗಿಸಿದರು. ಹೆಚ್ಚಿನ ಕೂಲಿ ಬಿತ್ತು. ಅಷ್ಟು ಸಣ್ಣ ಲಾಟನ್ನು ಬೇರೆಯಾಗಿ ಕ್ಯೂರಿಂಗ್ ಮಾಡಿಕೊಡುವವರನ್ನು ಹುಡುಕಲು ಹಾಸನ, ಚಿಕ್ಕಮಗಳೂರು ಎಂದು ಓಡಾಟವಾಯಿತು. ಬೆಂಗಳೂರಿನ ಹುರಿಮನೆಯೊಂದು ಮಾದರಿ ಕಳಿಸಿ ಎಂದಿದೆ. ತೋಟದ ಎತ್ತರ, ತಳಿ, ಕೊಯ್ದ ತಿಂಗಳು, ಒಣಗಿಸಿದ ರೀತಿ ಬರೆಯಲು ಒಂದು ಹಾಳೆಯನ್ನೂ ಕೊಟ್ಟಿದ್ದಾರೆ. ಪ್ರದೇಶ ಎಂಬ ಕಡೆ ಮಗಳು ಫೋನಿನಲ್ಲಿ "ಹಾಸನ ಅಂತ ಹಾಕಪ್ಪ, ಎಲ್ಲರಿಗೂ ಗೊತ್ತಾಗುತ್ತೆ" ಎಂದಳು. ಅವರು ಮಂಜರಾಬಾದ್ ಎಂದು ಬರೆದು, ಎರಡು ಕೇಜಿ ಬೀಜದ ಜೊತೆ ಬಸ್ಸಿನ ಪಾರ್ಸೆಲ್‌ಗೆ ಹಾಕಿದರು.